ಫ್ಲಾಪಿಗೆ ಹಚ್ಚಿದ ವಿಭೂತಿ

ತುಮಕೂರು
೨೪-೧೦-೮೮

ಮ್ಯಾನೇಜರ್ ಚನ್ನವೀರಯ್ಯನವರಿಗೆ, ಕಂಪ್ಯೂಟರ್ ಕೋಣೆ ಗುಡಿಸುವ ಸರ್ವಮಂಗಳ ಮಾಡುವ ಶರಣಾರ್ಥಿಗಳು.

ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ತಿಂಗಳು ಕೂತು ಬರೆದ ಪ್ರೋಗ್ರಾಂ ಹಾಳು ಮಾಡಿದರೆಂದು ಪದ್ಮಾ ಮೇಡಂ ಅವರನ್ನು ಕೆಲಸದಿಂದ ತೆಗೆಯುತ್ತೀರಂತೆ. ತಪ್ಪು ಅವರದಲ್ಲ.

ಚಪ್ಪಲಿ ಬಿಟ್ಟು ಆ ತಣ್ಣನೆಯ ಕೋಣೆಗೆ ಹೋದರೆ ನನಗೆ ಗದ್ದುಗೆಯ ಮುಂದೆ ನಿಂತಂತಾಗುತ್ತದೆ. ಹಸಿರು ಅಕ್ಷರಗಳು ಕಡಬದ ಕೆರೆಯ ಮೇಲಿನ ಮಿಂಚುಹುಳುಗಳಂತೆ ಕಾಣುತ್ತವೆ. ಆಯುಧಪೂಜೆಯ ದಿನ ಮೆಷೀನಿಗೆ ಹೂವೇರಿಸಿ ಎಲ್ಲರೂ ಹೋದ ಮೇಲೆ, ಪ್ರೋಗ್ರಾಂ ಇಟ್ಟಿದ್ದ ಫ್ಲಾಪಿಗಳು ಹೂವಿಲ್ಲದೆ ಬರಿದಾಗಿ ಕಂಡವು. ಅವುಗಳ ಕವಚದ ಕಿಂಡಿಯಲ್ಲಿ ಒಳಗಿನ ಕಪ್ಪು ತಟ್ಟೆ ಹಣೆಯಂತೆ ಹೊಳೆಯುತ್ತಿತ್ತು. ಅಲ್ಲಿ ಮೂರು ಬೆರಳಿನಿಂದ ವಿಭೂತಿ ಎಳೆದೆ. ಮರುದಿನ ನಾನೇ ಸೆರಗಿನಿಂದ ಒರೆಸಿಟ್ಟೆ. ಅಲ್ಲಿ ಬೆರಳು ತಾಗಿದರೂ ಬರೆದದ್ದೆಲ್ಲ ಹಾಳಾಗುತ್ತದೆಂದು ತಿಳಿದದ್ದು ನಿನ್ನೆ.

ಹಿಂದೊಮ್ಮೆ ಮೇಡಂ ಪಕ್ಕದ ಮೇಜಿನ ಷಡಕ್ಷರಿ ಸಾರ್ ಪೇಪರ್ ಓದಿ, "ಕಂಪ್ಯೂಟರ್ ಬಂದ್ರೆ ಎಲ್ರ ಕೆಲ್ಸಾನೂ ಹೋಗುತ್ತಂತೆ ಕಣ್ರೀ" ಎಂದರು. "ಮೊದ್ಲು ಹೋಗೋದು ನಮ್ದೇ ಬಿಡಿ! ಗುಡಿಸೋಕೆ ಸರ್ವಮಂಗಳ ಬೇಕೇ ಬೇಕು" ಎಂದು ಮೇಡಂ ನಕ್ಕಿದ್ದರು.

ದಯವಿಟ್ಟು ಅವರನ್ನು ಉಳಿಸಿಕೊಳ್ಳಿ. ಕೋಣೆಯ ಬೀಗದ ಕೈ ಪತ್ರದ ಜೊತೆಗಿದೆ. ಹೊಸಬರು ಗುಡಿಸಲು ಬಂದರೆ, ಫ್ಲಾಪಿ ಮುಟ್ಟಬಾರದೆಂದು ಮೊದಲೇ ಹೇಳಿ. ನನಗೆ ಯಾರೂ ಹೇಳಿರಲಿಲ್ಲ.

ಇಂತಿ,
ಹಾಗಲವಾಡಿಯ ಸರ್ವಮಂಗಳ