ನುಂಗಲಾರದವರಿಗೂ ಹೊಟ್ಟೆಯಿದೆ

ವೈದ್ಯಕೀಯ ಸಂಶೋಧನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊದಲು ಅಭಿನಂದನೆ. ಮೋಟಾರ್ ನ್ಯೂರಾನ್ ಕಾಯಿಲೆಯವರ ಜೀರ್ಣಕ್ರಿಯೆಯಲ್ಲಿ ಯಾವ ತೊಂದರೆಯೂ ಇಲ್ಲವೆಂದು ತಮ್ಮ ಸಮಿತಿಯ ಅಧ್ಯಯನ ಸಾರಿದ್ದನ್ನು ಪತ್ರಿಕೆಯಲ್ಲಿ ಓದಿದೆ. ತೊಂದರೆ ಇದ್ದವರನ್ನೆಲ್ಲ ಬಾಗಿಲಲ್ಲೇ ತಡೆದು, ಇಲ್ಲದವರನ್ನಷ್ಟೇ ಒಳಗೆ ಬಿಟ್ಟುಕೊಂಡು ಪರೀಕ್ಷಿಸಿದಿರಿ ಎಂಬ ಸಂಗತಿ ಮಾತ್ರ ಆ ಸುದ್ದಿಯಲ್ಲಿರಲಿಲ್ಲ. ಜಾಗ ಸಾಲದೆ ಬಿಟ್ಟಿರಬೇಕು. ಬಾಗಿಲಿಂದ ಹಿಂತಿರುಗಿದವರಲ್ಲಿ ನನ್ನ ಅಣ್ಣನೂ ಒಬ್ಬನಾದ್ದರಿಂದ, ಬಿಟ್ಟುಹೋದದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಅಣ್ಣ ಕ್ಷೌರಿಕ. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುವ ಈ ಕಾಯಿಲೆ ಮೊದಲು ಅವನ ಕೈಯಿಂದ ಕತ್ತರಿಯನ್ನು ಕಿತ್ತುಕೊಂಡಿತು. ಆಮೇಲೆ ಕಾಲು, ನಾಲಿಗೆ, ಗಂಟಲು. ಈಗ ಅವನ ಹೊಟ್ಟೆಗೆ ನೇರವಾಗಿ ಒಂದು ಕೊಳವೆ ಹಾಕಿದ್ದಾರೆ. ಅತ್ತಿಗೆ ಅದರಲ್ಲಿ ಸಿರಿಂಜಿನಿಂದ ದ್ರವ ಆಹಾರ ಹಾಕುತ್ತಾರೆ. ಇನ್ನೇನು, ಗಂಟಲಿನ ಕೆಲಸವನ್ನು ಕೊಳವೆ ಮಾಡುತ್ತದೆ, ಮುಂದಿನದನ್ನು ಹೊಟ್ಟೆ ನೋಡಿಕೊಳ್ಳುತ್ತದೆ ಎಂದುಕೊಂಡೆವು. ಹೊಟ್ಟೆ ನೋಡಿಕೊಳ್ಳಲಿಲ್ಲ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನವಾದರೂ ಅಲ್ಲೇ ಕೂತಿರುತ್ತದೆ. ಅದರ ಮೇಲೆ ಮತ್ತೆ ಹಾಕಿದರೆ ಗಂಟಲಿಗೆ ಬರುತ್ತದೆ. ಕೆಮ್ಮಿ ಹೊರಹಾಕುವ ಶಕ್ತಿ ಅವನಿಗಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಒಮ್ಮೆ ನ್ಯುಮೋನಿಯಾದಿಂದ ಸಾವಿನ ಬಾಗಿಲು ತಟ್ಟಿ ಬಂದಿದ್ದಾನೆ. ಕಡಿಮೆ ಹಾಕೋಣವೆಂದರೆ ತೂಕ ಇಳಿಯುತ್ತದೆ. ಈ ಕಾಯಿಲೆಯಲ್ಲಿ ತೂಕ ಇಳಿದಷ್ಟೂ ಆಯುಸ್ಸು ಇಳಿಯುತ್ತದೆಂದು ವೈದ್ಯರೇ ಹೇಳಿದ್ದಾರೆ. ಹೊಟ್ಟೆ ಎಷ್ಟು ನಿಧಾನವಾಗಿ ಖಾಲಿಯಾಗುತ್ತದೆಂದು ಗೊತ್ತಾದರೆ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದೂ ಗೊತ್ತಾಗುತ್ತದೆ. ತಮ್ಮ ಅಧ್ಯಯನಕ್ಕೆ ರೋಗಿಗಳು ಬೇಕಾಗಿದ್ದಾರೆಂಬ ಸುದ್ದಿ ಕೇಳಿದಾಗ ಅಣ್ಣನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಮದುವೆ ಮನೆಗೆ ಹೊರಟವರಂತೆ ಹೊರಟದ್ದು ಅದಕ್ಕೇ.

ಪರೀಕ್ಷೆಯೇನೋ ಸೊಗಸಾಗಿದೆ. ನಿರಪಾಯಕಾರಿ ಗುರುತುವಸ್ತು ಬೆರೆಸಿದ ಬೇಯಿಸಿದ ಮೊಟ್ಟೆ ತಿನ್ನಬೇಕು, ಆಮೇಲೆ ಆಗಾಗ ಚೀಲವೊಂದಕ್ಕೆ ಊದಬೇಕು. ಉಸಿರಿನಲ್ಲಿ ಬಂದ ಗುರುತುವಸ್ತುವಿನಿಂದ ಹೊಟ್ಟೆ ಎಷ್ಟು ಖಾಲಿಯಾಯಿತೆಂದು ತಿಳಿಯುತ್ತದೆ. ನುಂಗಲಾರದ, ತುಟಿ ಬಿಗಿಹಿಡಿದು ಊದಲಾರದ ರೋಗಿಗಳಿಗೆಂದೇ ಇದನ್ನು ಆರಿಸಿದ ಮಹನೀಯರಿಗೆ ನಮಸ್ಕಾರ.

"ಇವರನ್ನ ತಗೊಳ್ಳೋಕಾಗಲ್ಲಮ್ಮ," ಎಂದರು ಪರೀಕ್ಷೆಯ ಕೋಣೆಯಲ್ಲಿದ್ದ ಡಾಕ್ಟರು. "ನುಂಗೋಕೆ ಬರಬೇಕು."

"ಕೊಳವೇಲೇ ಹಾಕಿ ನೋಡಿ ಸಾರ್," ಎಂದರು ಅತ್ತಿಗೆ.

"ತೂಕ ಬೇರೆ ಇಳಿದಿದೆ. ಮಲಬದ್ಧತೆ ಇದೆಯಾ?"

"ಇದೆ ಸಾರ್. ಅದಕ್ಕೇ ತಾನೇ ಬಂದಿದ್ದು!"

"ಅದೂ ಇರಬಾರದು. ಲೆಕ್ಕ ಕೆಡುತ್ತೆ. ಸಮಿತಿಯವರ ಷರತ್ತು, ನಾನೇನು ಮಾಡ್ಲಿ ಹೇಳಿ?"

ಅಣ್ಣ ಏನೋ ತೊದಲಿದ. ಅವನ ಮಾತು ಈಗ ಮನೆಯವರಿಗಷ್ಟೇ ಅರ್ಥವಾಗುತ್ತದೆ. ಅತ್ತಿಗೆ ಆ ಸ್ಥಿತಿಯಲ್ಲೂ ಪಕ್ಕನೆ ನಕ್ಕುಬಿಟ್ಟರು.

"ಏನಂತೆ?"

"ತಲೆತುಂಬ ಕೂದಲಿರೋರನ್ನ ಮಾತ್ರ ಸಾಲಾಗಿ ಕೂರಿಸಿ, ಊರಲ್ಲಿ ಬೋಳುತಲೆನೇ ಇಲ್ಲ ಅಂದಂಗಾಯ್ತು ಅಂತಿದಾರೆ ಸಾರ್."

ಡಾಕ್ಟರೂ ನಕ್ಕರು. ಷರತ್ತು ಬರೆದವರು ಅವರಲ್ಲವಲ್ಲ.

ಅಧ್ಯಯನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಬರವೇ? ಸುತ್ತೋಲೆ ಹೊರಟಿತು. ಈ ರೋಗಿಗಳನ್ನು ಇನ್ನು ಮುಂದೆ ಹೊಟ್ಟೆಯ ವಿಭಾಗಕ್ಕೆ ಕಳಿಸುವಂತಿಲ್ಲ. ತೂಕ ನೋಡಿ ಎಲ್ಲರಿಗೂ ಒಂದೇ ಚಾರ್ಟಿನ ಪ್ರಕಾರ ಆಹಾರ. "ವರದೀಲಿ ಹೊಟ್ಟೆ ಸರಿ ಇದೆ ಅಂತ ಬಂದಿದೆ. ಭಯಕ್ಕೆ ನಿಮಗೆ ಹಾಗನ್ಸುತ್ತೆ," ಎಂದರು ಆಸ್ಪತ್ರೆಯ ಆಹಾರತಜ್ಞೆ. ಅತ್ತಿಗೆ ಸಿರಿಂಜನ್ನು ಅವರ ಕೈಗೇ ಕೊಟ್ಟರು: "ಹಾಗಾದ್ರೆ ನೀವೇ ಹಾಕಿ ಮೇಡಂ." ಹಾಕಿದರು. ಅರ್ಧ ಮುಗಿಯುವ ಮೊದಲೇ ಅದು ಅಣ್ಣನ ಗದ್ದದ ಮೇಲಿಂದ ಇಳಿದು ಅವರ ಬಿಳಿ ಕೋಟಿನ ತೋಳನ್ನು ನೆನೆಸಿತು. ಇಬ್ಬರೂ ಸೇರಿ ಅವನನ್ನು ಮುಂದಕ್ಕೆ ಬಾಗಿಸಿ ಬಾಯಿ ತೆರವು ಮಾಡಿದರು. ಆಹಾರತಜ್ಞೆ ಬೆವರೊರೆಸಿಕೊಂಡು, "ಇವರದು ಅಪವಾದ," ಎಂದರು. ಕಾರಿಡಾರಿನಲ್ಲಿ ಗಾಲಿಕುರ್ಚಿಗಳಲ್ಲಿ ಕಾಯುತ್ತಿದ್ದವರ ಮನೆಯವರನ್ನು ನಾನು ವಿಚಾರಿಸಿದೆ. ಹೆಚ್ಚುಕಡಿಮೆ ಎಲ್ಲರೂ ಅಪವಾದಗಳೇ. ಅಧ್ಯಕ್ಷರೇ, ನಿಯಮದಲ್ಲಿದ್ದವರು ಎಲ್ಲಿ ಕೂತಿದ್ದರು? ದಯವಿಟ್ಟು ತೋರಿಸಿ, ಅವರ ಹೊಟ್ಟೆಯ ದರ್ಶನ ಮಾಡಿ ಪಾವನರಾಗುತ್ತೇವೆ.

ಕಾಯಿಲೆಗೆ ಮದ್ದು ಕೇಳುತ್ತಿಲ್ಲ. ಅದಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಷರತ್ತುಗಳನ್ನು ತೆಗೆದು ಅಧ್ಯಯನವನ್ನು ಮತ್ತೆ ಮಾಡಿ. ಗುರುತುವಸ್ತುವನ್ನು ಕೊಳವೆಯಲ್ಲಿ ಹಾಕಿ, ಊದಲಾರದವರ ಉಸಿರನ್ನು ಮುಖಗವಸಿನಲ್ಲಿ ಹಿಡಿಯಿರಿ. ಅದಾಗುವವರೆಗೆ "ಯಾವ ತೊಂದರೆಯೂ ಇಲ್ಲ" ಎಂಬ ವಾಕ್ಯವನ್ನು, ಪ್ರಕಟಿಸಿದಷ್ಟೇ ದೊಡ್ಡ ಅಕ್ಷರಗಳಲ್ಲಿ ಹಿಂಪಡೆದು, ಹೊಟ್ಟೆಯ ವಿಭಾಗದ ಬಾಗಿಲು ತೆರೆಸಿ. ತಡಮಾಡಬೇಡಿ. ಅಣ್ಣನ ಅಂಗಿಗಳು ತಿಂಗಳಿಂದ ತಿಂಗಳಿಗೆ ದೊಡ್ಡವಾಗುತ್ತಿವೆ.

ಸದ್ಯಕ್ಕೆ ಅತ್ತಿಗೆ ಅವನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಅಂದಾಜಿನ ಮೇಲೆ ಹಾಕುತ್ತಿದ್ದಾರೆ. "ಇನ್ನೊಂಚೂರು ಹಾಕ್ಲಾ, ಸಾಕಾ?" ಎಂದು ಪ್ರತಿ ಸಲ ಕೇಳುತ್ತಾರೆ. ಅಣ್ಣ ನನ್ನ ಮುಖ ನೋಡುತ್ತಾನೆ. ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತಮಗೆ ಗೊತ್ತಿರಬೇಕಿತ್ತು.

ಇಂತಿ,
ತಮ್ಮ ಯಶಸ್ವಿ ಅಧ್ಯಯನದ ಹೊರಗೆ ಕೂತಿರುವ
ಒಬ್ಬ ಕ್ಷೌರಿಕನ ತಂಗಿ