ಸೆಲ್ಲು ಸತ್ತಾಗ ಕಲಿತ ಹಾಡು

ಕರೇಬಂಡೆಪಾಳ್ಯ,
ಪುರವರ ಹೋಬಳಿ, ಮಧುಗಿರಿ ತಾಲೂಕು
೨೧-೫-೧೯೮೬

ಪ್ರೀತಿಯ ಯಜಮಾನರಿಗೆ,

ನಿಮ್ಮ ಮಾರಕ್ಕ ಮಾಡುವ ನಮಸ್ಕಾರ. ನಾವೆಲ್ಲ ಆರಾಮಾಗಿದ್ದೇವೆ. ಕುವೈತಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದೆ ಎಂದು ಬರೆದಿದ್ದಿರಿ, ಈಗ ನಿಂತಿತೆ? ಕಾರಿನೊಳಗೆ ತಣ್ಣಗಿರುತ್ತದೆಂದು ಸಾಹುಕಾರರು ಬರುವ ತನಕ ಅದರಲ್ಲೇ ಕೂತಿರಬೇಡಿ, ಒಳಗೆ ಚಳಿ ಹೊರಗೆ ಉರಿ ಆದರೆ ಮೈ ತಡೆಯುವುದಿಲ್ಲ. ನನ್ನ ಅಕ್ಷರ ಸೊಟ್ಟಗಿದೆ ಎಂದು ನಗಬೇಡಿ. ಬಲಗೈ ಅಂಗೈಯಲ್ಲಿ ಬೊಬ್ಬೆ ಎದ್ದಿವೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ತಂಗಿ ದಾಸಮ್ಮನ ಮದುವೆಯ ಸುದ್ದಿ ಓದಿ. ಮದುವೆ ಆಯಿತು, ಚೆನ್ನಾಗಿಯೇ ಆಯಿತು. ರಜ ಸಿಗಲಿಲ್ಲವೆಂದು ನೀವು ಅತ್ತಿರಂತೆ. ಈ ಕಾಗದ ಓದಿದ ಮೇಲೆ ಇನ್ನೊಂದು ಸಲ ಅಳುತ್ತೀರಿ, ಅಂಥದ್ದನ್ನು ನೋಡದೆ ಹೋದೆನಲ್ಲ ಎಂದು.

ಹೋದ ವರ್ಷ ನಿಮ್ಮ ರೂಮಿನವರಾದ ಸಿರಾದ ಬಷೀರ್ ಸಾಬರ ಕೈಯಲ್ಲಿ ಟೇಪ್‌ರೆಕಾರ್ಡರ್ ಕಳಿಸಿದಿರಲ್ಲ, ಜೊತೆಗೊಂದು ಕ್ಯಾಸೆಟ್ಟು. ಸಾಹುಕಾರರ ಮಕ್ಕಳು ನೋಡುವ ಜಪಾನಿನ ಬೊಂಬೆಚಿತ್ರದ ಹಾಡು, ಟೀವಿ ಮುಂದೆ ಇಟ್ಟು ಹಿಡಿದದ್ದು, ಅಪ್ಪನ ಬ್ಯಾಂಡ್‌ಸೆಟ್ಟಿಗೆ ಆಗುತ್ತದೇನೋ ನೋಡಲಿ ಎಂದು ಬರೆದಿದ್ದಿರಿ. ಏನು ಕಥೆ, ಯಾವ ಸಂದರ್ಭದ ಹಾಡು ಎಂದು ಒಂದಕ್ಷರ ಇಲ್ಲ. ನಿಮ್ಮ ಕಾಗದವೇ ಹಾಗೆ, ಉಪ್ಪು ಹಾಕುವುದನ್ನು ಮರೆತ ಸಾರು. ನಮ್ಮ ಬೀದಿಗೆ ಕರೆಂಟು ಇನ್ನೂ ಬಂದಿಲ್ಲ. ನೀವು ಕಳಿಸಿದ ಸೆಲ್ಲುಗಳು ಮೊದಲ ವಾರವೇ ಸಿನಿಮಾ ಹಾಡಿಗೆ ಮುಗಿದುಹೋಗಿದ್ದವು. ಮಾವ ಅವನ್ನು ದಿನಾ ಹಂಚಿನ ಮೇಲೆ ಬಿಸಿಲಿಗಿಟ್ಟು, ಕಾದ ಮೇಲೆ ಹಲ್ಲಲ್ಲಿ ಕಚ್ಚಿ, ಮತ್ತೆ ಹಾಕುವರು. ಕ್ಯಾಸೆಟ್ಟು ಹೇಗೋ ತಿರುಗುವುದು. ಮೊದಲು ಯಾರೋ ಉದ್ದಕ್ಕೆ ನರಳಿದ ಸದ್ದು. ಆಮೇಲೆ ಎಂಟು ಹತ್ತು ಮುದುಕರು ಸೇರಿ ಎದೆಯೊಳಗಿಂದ ಹಾಡಿದ ಹಾಗೆ ಒಂದು ಹಾಡು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಒಂದು ಬಿಂದಿಗೆ ನೀರು ಸೇದಿಕೊಂಡು ಬರಬಹುದು. ಮಾವ ಕಣ್ಣು ಮುಚ್ಚಿ ಕೇಳಿ, “ಇದು ಸಾವಿನ ಹಾಡು ಕಣಮ್ಮ. ಆ ದೇಸದೋರೂ ನಮ್ಮಂಗೇ ಅಳ್ತಾರೆ” ಅಂದರು. ದಿನಕ್ಕೊಂದು ಸಾಲಿನಂತೆ ಅಷ್ಟನ್ನೂ ಕ್ಲಾರಿನೆಟ್ಟಿಗೆ ಇಳಿಸಿಕೊಂಡರು.

ಸಂಕ್ರಾಂತಿ ಕಳೆದು ಅಜ್ಜಿ ಚಿಕ್ಕಹನುಮಕ್ಕ ತೀರಿಕೊಂಡಾಗ ಅದೇ ಹಾಡು ಬಾರಿಸಿಕೊಂಡು ಪಟೇಲರ ಬೀದಿಯ ಮೇಲೆ ಹೋದೆವು. ಸ್ಮಶಾನಕ್ಕೂ ಬಸ್ಸಿನ ರಸ್ತೆಗೂ ನಮಗೆ ಅದೊಂದೇ ದಾರಿ ಎನ್ನುವುದನ್ನು ನಿಮಗೆ ಹೇಳಬೇಕಿಲ್ಲ. ಹೆಣ ತಡೆದರೆ ಊರಿಗೆ ಆಗಿಬರುವುದಿಲ್ಲ ಎಂದು ಸಾವಿನ ಬ್ಯಾಂಡಿಗೆ ಬಿಡುತ್ತಾರೆ. ಅದೇ ನಮ್ಮ ಮದುವೆ ದಿಬ್ಬಣವಾದರೆ ಆ ಬೀದಿ ಮುಗಿಯುವ ತನಕ ವಾದ್ಯ ಕಂಕುಳಲ್ಲಿ, ಚಪ್ಪಲಿ ಕೈಯಲ್ಲಿ. ಸತ್ತರೆ ಬಾರಿಸಬಹುದು, ಬದುಕಿದ್ದರೆ ಬಾಯಿ ಮುಚ್ಚಬೇಕು! ಅವತ್ತು ಪಟೇಲರ ವೀರಭದ್ರಯ್ಯ ಚಾವಡಿಯಲ್ಲಿ ನಿಂತು ಕಣ್ಣೊರೆಸಿಕೊಂಡು ಮಾವನಿಗೆ, “ಹಾಡು ಅಂದ್ರೆ ಇದು ಕಣ್ಲಾ ಚೌಡ. ಈ ಹಾಡ್ ಯಾವತ್ ಬೇಕಾದ್ರೂ ಈ ಬೀದೀಲಿ ಬಾರಿಸ್ಕಂಡ್ ಹೋಗ್ರಿ” ಅಂದಿದ್ದರು. ಹತ್ತು ಜನ ಕೇಳಿಸಿಕೊಂಡರು. ನಿಮ್ಮ ತಂಗಿಯೂ ಕೇಳಿಸಿಕೊಂಡಿದ್ದಳು.

ಮದುವೆ ಗೊತ್ತಾದ ದಿನವೇ ದಾಸಮ್ಮ ಶುರುಮಾಡಿದಳು. “ನಮ್ಮಜ್ಜಿ ಹೆಣ ಬಾರಿಸ್ಕಂಡು ಹೋಯ್ತು. ನಾನು ಜೀವ ಇರೋಳು, ಕಳ್ಳಿ ಹೋದಂಗೆ ಯಾಕ್ ಹೋಗ್ಲಿ? ಬಾರ್ಸು ಅಂತ ಅವರೇ ಅಂದವ್ರೆ, ಅದನ್ನೇ ಬಾರ್ಸಿ” ಅಂದಳು. ಅತ್ತೆ ಹಣೆ ಚಚ್ಚಿಕೊಂಡು, “ಹಸೇಮಣೆಯಿಂದ ಎದ್ದೋಳಿಗೆ ಹೆಣದ ಹಾಡಾ, ನಿನ್ ಬಾಯಿಗೆ ಮಣ್ಣಾಕ” ಎಂದು ಬೈದರು. ಮಾವ ಎರಡು ದಿನ ಕ್ಲಾರಿನೆಟ್ ಮುಟ್ಟಲಿಲ್ಲ. ಅವರಿಗೆ ಪಟೇಲರ ಭಯ ಒಂದು ಕಡೆ, ಮಗಳಿಗೆ ಅಪಶಕುನವಾದರೆ ಎಂಬ ಭಯ ಇನ್ನೊಂದು ಕಡೆ. ಅಂಥ ಹೊತ್ತಿಗೆ ರಜಕ್ಕೆ ಬಂದ ಬಷೀರ್ ಸಾಬರು ನೀವು ಕೊಟ್ಟ ಸೀರೆ, ಹೊಸ ಸೆಲ್ಲು ಹಿಡಿದುಕೊಂಡು ಸಿರಾದಿಂದ ಬಂದರು. ಸೆಲ್ಲು ಹಾಕಿ ಗುಂಡಿ ಒತ್ತಿದ್ದೇ ತಡ, ಟೇಪಿನೊಳಗಿಂದ ಏನೋ ನುಗ್ಗಿತು! ಸೆಲ್ಲು ಸೋತು ಟೇಪು ನಿಧಾನಕ್ಕೆ ತಿರುಗುತ್ತಿದ್ದಾಗ ನರಳಾಟ ಅಂದುಕೊಂಡಿದ್ದು ಇಂಜಿನ್ನಿನ ಸದ್ದು. ಮುದುಕರು ಅಂದುಕೊಂಡಿದ್ದು ಪುಟ್ಟ ಮಕ್ಕಳ ದನಿ. ತುತ್ತೂರಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿವೆ. ಸಾವಿನ ಹಾಡು ಎಂದು ಕಲಿತೆವು ಅಂದದ್ದಕ್ಕೆ ಸಾಬರು, “ಯಾ ಅಲ್ಲಾ! ಇದು ಕಾರ್ ರೇಸಿನ ಹಾಡು ಚೌಡಯ್ಯ. ಹುಡುಗ ಕಾರ್ ಓಡಿಸ್ತಾನೆ, ಎಲ್ಲಾರ್ನೂ ಹಿಂದೆ ಹಾಕ್ತಾನೆ, ಅದರದ್ದು” ಎಂದು ನೆಲಕ್ಕೆ ಕೂತು ನಕ್ಕರು. ಅತ್ತೆಯೂ ಸೆರಗು ಬಾಯಿಗಿಟ್ಟು ನಕ್ಕರು. ಮಾವ ನಗಲಿಲ್ಲ. ಮೊದಲಿಂದ ಮೂರು ಸಲ ಹಾಕಿಸಿ ಕೇಳಿದರು, ಮೇಲೆದ್ದು ಕ್ಲಾರಿನೆಟ್ಟಿನ ಚೀಲ ಬಿಚ್ಚಿದರು.

ಹೋದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ದಿಬ್ಬಣ ಹೊರಟಿತು. ಡ್ರಮ್ಮಿನ ಸಣ್ಣರಂಗಯ್ಯ ಪಟೇಲರ ತೋಟದಲ್ಲಿ ಕೂಲಿಯವನು, ಅವನಿಗೆ ಸರಿಯಾಗಿ ಆ ಹೊತ್ತಿಗೇ ಹೊಟ್ಟೆನೋವು ಬಂತು. ಡ್ರಮ್ಮಿಲ್ಲದೆ ಆ ಹಾಡು ಓಡುವುದಿಲ್ಲ. ಹೇಗೋ ಜನ ಸಿಕ್ಕಿತು ಬಿಡಿ. ಪಟೇಲರ ಬೀದಿಯ ತಿರುವಿನಲ್ಲಿ ವೀರಭದ್ರಯ್ಯ ಹತ್ತು ಜನರ ಜೊತೆ ಅಡ್ಡ ನಿಂತಿದ್ದರು. “ನಿಲ್ಸ್ರಲಾ” ಅಂದರು. ನಿಮ್ಮಪ್ಪ ಹುಟ್ಟಿದಾಗಿನಿಂದ ಅವರನ್ನು ‘ಬುದ್ಧೀ’ ಎಂದೇ ಕರೆದವರು. ಅವತ್ತು ಹೆಸರು ಹಿಡಿದು, “ವೀರಭದ್ರಯ್ಯನೋರೆ, ನೀವೇ ಒಪ್ಪಿಗೆ ಕೊಟ್ಟ ಹಾಡು” ಎಂದು ಮೊದಲ ಸಾಲನ್ನು ಅಜ್ಜಿಗೆ ಬಾರಿಸಿದ ಹಾಗೇ ನಿಧಾನಕ್ಕೆ ಎತ್ತಿದರು. ಪಟೇಲರ ಮುಖ ಸಡಿಲವಾಯಿತು, ಗುರುತು ಸಿಕ್ಕಿತು. ಎರಡನೇ ಸಾಲಿಗೆ ಡ್ರಮ್ಮು ಬಿತ್ತು, ಹಾಡು ಕಿತ್ತುಕೊಂಡು ಓಡಿತು. ಅವರು “ಇದು ಆ ಹಾಡಲ್ಲ ಕಣ್ಲಾ” ಎಂದು ಕೂಗಿದರು. ಮಾವ ಬಾಯಿಂದ ಕ್ಲಾರಿನೆಟ್ ತೆಗೆದು, “ಅದೇ ಹಾಡು. ಅವತ್ತು ಸೆಲ್ಲು ಸತ್ತಿತ್ತು, ಇವತ್ತು ಜೀವ ಬಂದೈತೆ” ಅಂದರು. ಜೊತೆಗೆ ನಿಂತಿದ್ದವರಲ್ಲೇ ಇಬ್ಬರು, “ನೀವೇ ಅಂದಿದ್ರಲ್ಲ” ಎಂದು ಅವರ ಮುಖ ನೋಡಿದರು. ದಾಸಮ್ಮ ನೀವು ಕಳಿಸಿದ ಸೀರೆಯಲ್ಲಿ, ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಅವರ ಪಕ್ಕದಲ್ಲೇ ತಲೆ ಎತ್ತಿ ನಡೆದಳು. ಒಬ್ಬರೂ ಕೈಯೆತ್ತಲಿಲ್ಲ. ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮಾರನೆಯ ದಿನದಿಂದ ನಮ್ಮ ಬೀದಿಯವರಿಗೆ ಅವರ ಹೊಲದಲ್ಲಿ ಕೆಲಸವಿಲ್ಲ. ಬೇಡ ಬಿಡಿ. ನಾವು ಬಸ್ಸು ಹತ್ತಿ ಕೊರಟಗೆರೆ ಕಡೆ ಹೋಗುತ್ತಿದ್ದೇವೆ. ಅವರ ಕಡಲೆಕಾಯಿ ಬಿತ್ತನೆಗೆ ಮಳೆ ಬಿದ್ದಾಗ ಯಾರು ಯಾರ ಮನೆಬಾಗಿಲಿಗೆ ಬರುತ್ತಾರೋ ನೋಡೋಣ. ಊರ ಬಾಯಿ ಕೇಳಿ ನೀವು ಅಲ್ಲಿಂದ ‘ತಗ್ಗಿಬಗ್ಗಿ ಇರಿ’ ಎಂದು ಬುದ್ಧಿ ಹೇಳಿ ಬರೆಯಬೇಡಿ. ಬರೆದರೂ ಮಾವನಿಗೆ ಓದಿ ಹೇಳುವವಳು ನಾನೇ, ಆ ಸಾಲು ಬಿಟ್ಟು ಓದುತ್ತೇನೆ.

ಅತ್ತೆ ಮಾವನ ಆಶೀರ್ವಾದ, ದಾಸಮ್ಮನ ನಮಸ್ಕಾರ, ಬೀದಿಯವರೆಲ್ಲರ ಜೈಭೀಮ್ ನಿಮಗೆ ಸೇರಲಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳೇ ಆದ
ಮಾರಕ್ಕ

ಮತ್ತೆ: ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಸಾಲಲಿಲ್ಲ. ಡ್ರಮ್ಮು ಹೊಡೆದವಳು ನಾನು. ಹೆಂಗಸರು ಮುಟ್ಟಬಾರದು ಅಂತಿದ್ದ ಮಾವನೇ ಪಟ್ಟಿ ನನ್ನ ಕೊರಳಿಗೆ ಹಾಕಿ, “ಏಟು ತಪ್ಪಿಸ್ಬ್ಯಾಡ ಕಣವ್ವ” ಅಂದರು. ಮನೆ ಮುಂದಿನ ಅಭ್ಯಾಸ ಕೇಳಿ ಕೇಳಿ ಏಟುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಒಂದೂ ತಪ್ಪಲಿಲ್ಲ. ಪಾವಗಡದ ಒಂದು ಮದುವೆಗೆ ಮುಂದಿನ ತಿಂಗಳು ಅದೇ ಹಾಡು ಬೇಕು ಎಂದು ಕರೆ ಬಂದಿದೆ. ಸಣ್ಣರಂಗಯ್ಯನ ಹೊಟ್ಟೆನೋವು ವಾಸಿಯಾಗಿ ಡ್ರಮ್ಮು ಕೇಳಲು ಬಂದಿದ್ದ, ಕೊಡುವುದಿಲ್ಲ ಅಂದೆ. ಇದು ನಿಮ್ಮ ಒಪ್ಪಿಗೆ ಕೇಳಿ ಬರೆದದ್ದಲ್ಲ. ಬರುವಾಗ ನನಗೆ ಸೀರೆ ಬೇಡ, ಸೆಲ್ಲು ತನ್ನಿ.