ಸಂಜೆಯೊಳಗೆ ನನ್ನ ಕೋಣೆ ಖಾಲಿ ಮಾಡು

ಗುಬ್ಬಿ,

ಆಸ್ಪತ್ರೆಯಿಂದ ರಾತ್ರಿ ಡ್ಯೂಟಿ ಮುಗಿಸಿ ಬಂದವಳೇ ನನ್ನ ಮಂಚದ ಮೇಲೆ ಉರುಳಿಕೊಳ್ಳಬೇಡ. ಅದನ್ನು ಕೊಂಡವರು ಬೆಳಿಗ್ಗೆಯೇ ಒಯ್ಯಲು ಬರುತ್ತಾರೆ. ನಾನು ತೆರಿಗೆ ಕಾಗದಕ್ಕೆ ಸಹಿ ಹಾಕಲು ಆಡಿಟರ್ ಹತ್ತಿರ ಹೊರಟಿದ್ದೇನೆ.

ಮೊನ್ನೆ ಅವರು, "ಹೊರದೇಶಕ್ಕೆ ಹೋದ ಮೇಲೂ ಇಲ್ಲಿ ನಿಮಗೇ ಅಂತ ಕೋಣೆ ಇಟ್ಕೊಂಡ್ರೆ, ನೀವು ಇಲ್ಲೇ ಇದ್ದೀರಿ ಅಂತ ಲೆಕ್ಕ ಹಿಡೀಬಹುದು. ಎರಡೂ ಕಡೆ ತೆರಿಗೆ ತಲೆನೋವು. ಕೋಣೆ ಇದೆಯಾ?" ಅಂದರು. ಇಲ್ಲ ಅಂದುಬಿಟ್ಟೆ. ಮನೆಗೆ ಬಂದರೆ ನೀನು ನನ್ನ ಕಿಟಕಿಗೆ ಹೊಸ ಪರದೆ ಕಟ್ಟುತ್ತಾ, "ರಜೆಗೆ ಬಂದಾಗ ಬೇಕಲ್ಲಕ್ಕಾ" ಅನ್ನುತ್ತೀಯ. ನಿನಗೆ ತೆರಿಗೆ ವಿಷಯ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಬಾಗಿಲ ಮೇಲಿನ ನನ್ನ ಹೆಸರು ಕಿತ್ತುಹಾಕು. ಕರೆಂಟ್ ಬಿಲ್ ನಿನ್ನ ಹೆಸರಿಗೆ ಮಾಡಿಸು. ಹೊಲಿಗೆ ಯಂತ್ರ ನಿನಗೇ, ಆದರೆ ಎಣ್ಣೆ ಬಿಡುವುದನ್ನು ಮರೆಯಬೇಡ.

ಪರದೆ ಮಾತ್ರ ಇರಲಿ. ಇವತ್ತು ಬೆಳಗಿನ ಜಾವ ಅದು ಗಾಳಿಗೆ ಉಬ್ಬಿದಾಗ, ಕೋಣೆಯೇ ಹಾಯಿ ಬಿಚ್ಚಿಕೊಂಡು ನೀರಿಗಿಳಿದಂತೆ, ನಾನು ಮಲಗಿದಲ್ಲೇ ದೇಶ ದಾಟುತ್ತಿರುವಂತೆ ಕನಸು. ನೀನು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದೆ. ಎಷ್ಟು ದೂರ ತೇಲಿದರೂ ಬಾಗಿಲು ಅಲ್ಲೇ ಇತ್ತು, ನೀನೂ ಅಲ್ಲೇ ಇದ್ದೆ.

ಸಹಿ ಹಾಕಿ ನಾನು ಸುಳ್ಳುಬುರುಕಿ ಆಗುವುದು ಬೇಡ. ಕೋಣೆ ಖಾಲಿ ಮಾಡು.

ನೀನು ಮಾತ್ರ ಗೋಡೆಗೆ ಒತ್ತಿಕೊಂಡು ಮಲಗುವ ಅಭ್ಯಾಸ ಬಿಡಬೇಡ. ನಿನ್ನ ಪಕ್ಕದಲ್ಲಿ ಇನ್ನೊಬ್ಬಳು ಮಲಗುವಷ್ಟು ಜಾಗ ಇದೆಯಾ ಅಂತ ಆಡಿಟರ್ ಕೇಳಲಿಲ್ಲ.

ಅಕ್ಕ